ಎಂಬತ್ತರಲ್ಲಿ ಆರು: ಇರಾನಿನ ಅಧ್ಯಕ್ಷ ಎಲ್ಲಿ ಗೆಲ್ಲುತ್ತಾನೆ, ಎಲ್ಲಿ ಸೋಲುತ್ತಾನೆ

2024ರ ಮೇ 19ರಂದು ಪೂರ್ವ ಅಜರ್‌ಬೈಜಾನ್ ಪ್ರಾಂತ್ಯದ ವರ್ಜಗಾನ್ ಬಳಿ ಮಂಜು ಕವಿದ ಬೆಟ್ಟಸಾಲಿನಲ್ಲಿ ಅಧ್ಯಕ್ಷ ಇಬ್ರಾಹಿಂ ರಯೀಸಿ ಅವರಿದ್ದ ಹೆಲಿಕಾಪ್ಟರ್ ಬಿತ್ತು. ಹುಡುಕಾಟದ ತಂಡಗಳಿಗೆ ಅವಶೇಷ ಇನ್ನೂ ಸಿಕ್ಕಿರಲಿಲ್ಲ. ಅಷ್ಟರಲ್ಲೇ ಸರ್ವೋಚ್ಚ ನಾಯಕ ಅಲಿ ಖಮೇನಿ, ದೇಶದ ಆಡಳಿತಕ್ಕೆ ಯಾವ ತೊಡಕೂ ಆಗುವುದಿಲ್ಲ, ಜನ ಗಾಬರಿಯಾಗಬೇಕಿಲ್ಲ ಎಂದು ಹೇಳಿದರು. ಧೈರ್ಯ ತುಂಬುವ ಮಾತಿನಂತೆ ಕೇಳಿಸಿದರೂ ಅದು ವಸ್ತುಸ್ಥಿತಿಯೇ ಆಗಿತ್ತು. ಅಧ್ಯಕ್ಷ ಮತ್ತು ವಿದೇಶಾಂಗ ಸಚಿವ ಇಬ್ಬರೂ ಒಂದೇ ದಿನ ಸತ್ತರು. ಆದರೂ ಸೇನೆಯ ಆದೇಶ, ಅಣು ಕಾರ್ಯಕ್ರಮ, ನ್ಯಾಯಾಲಯ, ಟಿವಿ, ಲೆಬನಾನ್-ಯೆಮನ್‌ನ ಸಶಸ್ತ್ರ ಗುಂಪುಗಳ ಜತೆಗಿನ ನಂಟು, ಯಾವುದೂ ಒಂದಿಂಚು ಆಚೀಚೆ ಆಗಲಿಲ್ಲ. ಅವು ಯಾವುವೂ ಅಧ್ಯಕ್ಷರ ಕೈಯಲ್ಲಿ ಇರಲೇ ಇಲ್ಲ.

ಹಾಗಾದರೆ ಕೋಟಿಗಟ್ಟಲೆ ಜನ ಸಾಲುಗಟ್ಟಿ ಮತ ಹಾಕುವುದು ಯಾತಕ್ಕೆ? ಇಡೀ ಚುನಾವಣೆ ನಾಟಕ ಎಂದು ತಳ್ಳಿಹಾಕುವವರಿದ್ದಾರೆ. ಕಣಕ್ಕಿಳಿದವರ ನಡುವೆ ಅಲ್ಲಿ ನಡೆಯುವ ಹಣಾಹಣಿ ನಿಜವಾದದ್ದೇ ಎನ್ನುವವರೂ ಇದ್ದಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಸಿಗಬೇಕಾದರೆ ಮತಗಟ್ಟೆಯ ಹಿಂದಿನ ಕೋಣೆಗಳಿಗೆ ಹೋಗಿ ನೋಡಬೇಕು.

ಅಧ್ಯಕ್ಷ ಸತ್ತರೆ ಸಂವಿಧಾನದ 131ನೇ ವಿಧಿಯಂತೆ ಮೊದಲ ಉಪಾಧ್ಯಕ್ಷ ಹೊಣೆ ಹೊರಬೇಕು, 50 ದಿನಗಳೊಳಗೆ ಚುನಾವಣೆ ನಡೆಯಬೇಕು. ಹಾಗಾಗಿ ಮೊಹಮ್ಮದ್ ಮೊಖ್ಬೆರ್ ಹಂಗಾಮಿ ಅಧ್ಯಕ್ಷರಾದರು. ಮೇ 30ರಿಂದ ಐದು ದಿನ ಟೆಹರಾನಿನ ಆಂತರಿಕ ಸಚಿವಾಲಯದಲ್ಲಿ ಹೆಸರು ನೋಂದಣಿ ನಡೆಯಿತು. ಹಿಂದೆಲ್ಲ ಈ ನೋಂದಣಿ ಜಾತ್ರೆಯಂತೆ ಇರುತ್ತಿತ್ತು. 2017ರಲ್ಲಿ 1,636 ಮಂದಿ ಹೆಸರು ಕೊಟ್ಟಿದ್ದರು. ಅಧ್ಯಕ್ಷನಾಗುವವನಿಗೆ ವಯಸ್ಸಿನ ಮಿತಿಯಾಗಲಿ ವಿದ್ಯೆಯ ಮಿತಿಯಾಗಲಿ ಸಂವಿಧಾನದಲ್ಲಿ ಇಲ್ಲದ್ದರಿಂದ ಯಾರು ಬೇಕಾದರೂ ಬಂದು ಫಾರಂ ತುಂಬಬಹುದಿತ್ತು. 2021ರಲ್ಲಿ ಅಭ್ಯರ್ಥಿಗಳನ್ನು ಸೋಸುವ ಗಾರ್ಡಿಯನ್ ಕೌನ್ಸಿಲ್ 40ರಿಂದ 75 ವರ್ಷದ ವಯೋಮಿತಿ, ಸ್ನಾತಕೋತ್ತರ ಮಟ್ಟದ ವಿದ್ಯಾರ್ಹತೆ, ಕನಿಷ್ಠ ನಾಲ್ಕು ವರ್ಷದ ಉನ್ನತ ಆಡಳಿತಾನುಭವ ಎಂಬ ಷರತ್ತುಗಳನ್ನು ಹಾಕಿದ ಮೇಲೆ ಜಾತ್ರೆ ಕರಗಿತು. 2024ರಲ್ಲಿ ನೋಂದಣಿಯಾದದ್ದು 80 ಹೆಸರು. ಜೂನ್ 9ರಂದು ಹೊರಬಿದ್ದ ಅಂತಿಮ ಪಟ್ಟಿಯಲ್ಲಿ ಉಳಿದದ್ದು ಆರು.

ಎಂಬತ್ತು ಆರಾದ ಆ ದಿನಗಳೇ ಇರಾನಿನ ಚುನಾವಣೆಯ ನಿಜವಾದ ಮೊದಲ ಸುತ್ತು. ಅಲ್ಲಿ ಮತ ಹಾಕುವವರು ಹನ್ನೆರಡು ಮಂದಿ. ಗಾರ್ಡಿಯನ್ ಕೌನ್ಸಿಲ್‌ನ ಈ ಹನ್ನೆರಡರಲ್ಲಿ ಆರು ಮಂದಿ ಧರ್ಮಶಾಸ್ತ್ರಜ್ಞರನ್ನು ಸರ್ವೋಚ್ಚ ನಾಯಕ ನೇರವಾಗಿ ನೇಮಿಸುತ್ತಾನೆ. ಇನ್ನಾರು ಕಾನೂನುತಜ್ಞರ ಹೆಸರನ್ನು ನ್ಯಾಯಾಂಗದ ಮುಖ್ಯಸ್ಥ ಸೂಚಿಸುತ್ತಾನೆ, ಅದರಿಂದ ಸಂಸತ್ತು, ಅಂದರೆ ಮಜ್ಲಿಸ್, ಆರಿಸಿಕೊಳ್ಳುತ್ತದೆ. ಆ ನ್ಯಾಯಾಂಗ ಮುಖ್ಯಸ್ಥನನ್ನು ನೇಮಿಸುವವನೂ ಸರ್ವೋಚ್ಚ ನಾಯಕನೇ. ಮಜ್ಲಿಸ್‌ಗೆ ಸ್ಪರ್ಧಿಸುವವರನ್ನು ಸೋಸುವುದೂ ಇದೇ ಕೌನ್ಸಿಲ್. ಸರ್ವೋಚ್ಚ ನಾಯಕನನ್ನು ಆರಿಸುವ, ಬೇಕಾದರೆ ಇಳಿಸುವ ಅಧಿಕಾರ 88 ಧರ್ಮಗುರುಗಳ ತಜ್ಞರ ಸಭೆಗೆ ಇದೆ. ಅದಕ್ಕೆ ಎಂಟು ವರ್ಷಕ್ಕೊಮ್ಮೆ ಜನರೇ ಮತ ಹಾಕುತ್ತಾರೆ. ಆದರೆ ಆ ಅಭ್ಯರ್ಥಿಗಳೂ ಇದೇ ಜರಡಿಯಲ್ಲಿ ಹಾದು ಬರಬೇಕು. ನಾಯಕ ಕೌನ್ಸಿಲನ್ನು ಕಟ್ಟುತ್ತಾನೆ, ಕೌನ್ಸಿಲ್ ತಜ್ಞರ ಸಭೆಯನ್ನು ಸೋಸುತ್ತದೆ, ತಜ್ಞರ ಸಭೆ ನಾಯಕನ ಮೇಲೆ ಕಣ್ಣಿಡಬೇಕು. ಎಲ್ಲಿಂದ ಹಿಡಿದರೂ ಸುತ್ತಿ ಅಲ್ಲಿಗೇ ಬರುವ ದಾರ ಇದು.

ಸಂವಿಧಾನದ 99ನೇ ವಿಧಿ ಕೌನ್ಸಿಲ್‌ಗೆ ಕೊಟ್ಟದ್ದು ಚುನಾವಣೆಯ 'ಮೇಲ್ವಿಚಾರಣೆ' ಎಂಬ ಒಂದೇ ಪದವನ್ನು. ಮೇಲ್ವಿಚಾರಣೆ ಎಂದರೆ ಮತ ಎಣಿಕೆ ನೆಟ್ಟಗಿದೆಯೇ ಎಂದು ನೋಡುವುದೂ ಆಗಬಹುದು, ಯಾರು ನಿಲ್ಲಬೇಕೆಂದು ತೀರ್ಮಾನಿಸುವುದೂ ಆಗಬಹುದು. 1991ರಲ್ಲಿ ಕೌನ್ಸಿಲ್ ತನಗೆ ತಾನೇ ಎರಡನೇ ಅರ್ಥವನ್ನು ಕೊಟ್ಟುಕೊಂಡಿತು. ಸಂವಿಧಾನವನ್ನು ವ್ಯಾಖ್ಯಾನಿಸುವ ಅಧಿಕಾರವೂ ಅದರದೇ ಆದ್ದರಿಂದ ಮೇಲ್ಮನವಿಗೆ ಬೇರೆ ಬಾಗಿಲು ಇರಲಿಲ್ಲ. ಇದರ ಜತೆಗೆ 115ನೇ ವಿಧಿಯ 'ರಿಜಾಲ್' ಎಂಬ ಪದವಿದೆ. ಧಾರ್ಮಿಕ ಮತ್ತು ರಾಜಕೀಯ 'ರಿಜಾಲ್'ಗಳ ಪೈಕಿ ಒಬ್ಬ ಅಧ್ಯಕ್ಷನಾಗಬೇಕು ಎನ್ನುತ್ತದೆ ಅದು. ಅರಬ್ಬಿಯಲ್ಲಿ 'ಗಂಡಸರು' ಎಂದೂ ಆಗುತ್ತದೆ, 'ಗಣ್ಯರು' ಎಂದೂ ಆಗುತ್ತದೆ. ಪ್ರತಿ ಚುನಾವಣೆಯಲ್ಲೂ ಮಹಿಳೆಯರು ಹೆಸರು ಕೊಡುತ್ತಾರೆ. ಇದುವರೆಗೆ ಒಬ್ಬರಿಗೂ ಅನುಮತಿ ಸಿಕ್ಕಿಲ್ಲ. ತಿರಸ್ಕರಿಸಿದ್ದಕ್ಕೆ ಕಾರಣವನ್ನು ಸಾರ್ವಜನಿಕವಾಗಿ ವಿವರಿಸುವ ರೂಢಿಯೂ ಕೌನ್ಸಿಲ್‌ಗಿಲ್ಲ.

ಜರಡಿಯ ಕಣ್ಣು ವರ್ಷದಿಂದ ವರ್ಷಕ್ಕೆ ಕಿರಿದಾದ ಬಗೆಯನ್ನು ಹೆಸರುಗಳೇ ಹೇಳುತ್ತವೆ. ಮೊದಮೊದಲು ಹೊರಬಿದ್ದವರು ವ್ಯವಸ್ಥೆಯನ್ನೇ ಒಪ್ಪದವರು. 2005ರಲ್ಲಿ ಸುಧಾರಣಾವಾದಿ ಮುಸ್ತಫಾ ಮೊಯೀನ್ ಅವರನ್ನು ಕೈಬಿಟ್ಟಾಗ ಗದ್ದಲವೆದ್ದು, ಖಮೇನಿ ಪತ್ರ ಬರೆದ ಮೇಲೆ ಅವರನ್ನು ಮತ್ತೆ ಸೇರಿಸಲಾಯಿತು. 2013ರಲ್ಲಿ ಅನರ್ಹಗೊಂಡವರು 1979ರ ಇಸ್ಲಾಮಿಕ್ ಕ್ರಾಂತಿಯ ಸ್ಥಾಪಕರ ಸಾಲಿನ, ಎರಡು ಅವಧಿಗೆ ಅಧ್ಯಕ್ಷರಾಗಿದ್ದ ಅಕ್ಬರ್ ಹಾಶೆಮಿ ರಫ್ಸಂಜಾನಿ. 2021ರಲ್ಲಿ ಹನ್ನೆರಡು ವರ್ಷ ಮಜ್ಲಿಸ್ ಸ್ಪೀಕರ್ ಆಗಿದ್ದ ಸಂಪ್ರದಾಯವಾದಿ ಅಲಿ ಲಾರಿಜಾನಿಯನ್ನೇ ಕೈಬಿಟ್ಟರು. 2024ರಲ್ಲಿ ಗೆದ್ದು ಅಧ್ಯಕ್ಷರಾದ ಮಸೂದ್ ಪೆಜೆಶ್ಕಿಯಾನ್ ಕೂಡ ಆ ವರ್ಷ ಅನರ್ಹರು! ಮೂರು ವರ್ಷದ ನಂತರ ಅದೇ ಕೌನ್ಸಿಲ್‌ಗೆ ಅದೇ ಮನುಷ್ಯ ಅರ್ಹನಾಗಿ ಕಂಡ. ಬದಲಾದದ್ದು ಅವರ ಅರ್ಹತೆಯಲ್ಲ, ವ್ಯವಸ್ಥೆಯ ಅಗತ್ಯ.

ಆ ಅಗತ್ಯ ಯಾವುದು? ಜನ ಬಂದು ಮತ ಹಾಕುವುದು. 2021ರಲ್ಲಿ ರಯೀಸಿ ಎದುರು ಗೆಲ್ಲಬಲ್ಲ ಯಾರನ್ನೂ ಉಳಿಸದೆ ಚುನಾವಣೆ ನಡೆಸಿದಾಗ ಮತದಾನ ಶೇ. 49ಕ್ಕಿಂತ ಕೆಳಗಿಳಿಯಿತು. ಅಧ್ಯಕ್ಷ ಚುನಾವಣೆಯಲ್ಲಿ ಅರ್ಧಕ್ಕಿಂತ ಕಡಿಮೆ ಜನ ಬಂದದ್ದು ಅದೇ ಮೊದಲು. ಅದರಲ್ಲೂ ಸುಮಾರು 37 ಲಕ್ಷ ಚೀಟಿಗಳು ಖಾಲಿ ಇಲ್ಲವೇ ಅಸಿಂಧು. ರಯೀಸಿಯನ್ನು ಬಿಟ್ಟರೆ ಅತಿ ಹೆಚ್ಚು 'ಮತ' ಬಿದ್ದದ್ದು ಈ ಖಾಲಿ ಚೀಟಿಗಳಿಗೆ. 2024ರ ಮಾರ್ಚ್‌ನ ಮಜ್ಲಿಸ್ ಚುನಾವಣೆಯಲ್ಲಿ ಪ್ರಮಾಣ ಶೇ. 41ಕ್ಕೆ ಕುಸಿಯಿತು. ನಮ್ಮ ಪ್ರತಿ ಮತವೂ ಇಸ್ಲಾಮಿಕ್ ಗಣರಾಜ್ಯಕ್ಕೆ ಹಾಕಿದ ಮತ ಎಂದು ದಶಕಗಳಿಂದ ಹೇಳುತ್ತ ಬಂದವರಿಗೆ ಈ ಅಂಕಿ ನುಂಗಲಾರದ ತುತ್ತು. ಹಾಗಾಗಿ ಐವರು ಸಂಪ್ರದಾಯವಾದಿಗಳ ಸಾಲಿಗೆ ಒಬ್ಬ ಸುಧಾರಣಾವಾದಿಯನ್ನು ಸೇರಿಸಿದರು. ಪೆಜೆಶ್ಕಿಯಾನ್ ಹೃದಯ ಶಸ್ತ್ರವೈದ್ಯ, ಹಿಂದಿನ ಅಧ್ಯಕ್ಷ ಖಾತಮಿ ಕಾಲದ ಆರೋಗ್ಯ ಸಚಿವ, ತಬ್ರೀಜ್ ಸಂಸದ, ಅಜೇರಿ ಮಾತಾಡುವವರು. ನಾಯಕನಿಗೆ ನಿಷ್ಠನೆಂದು ಬಾಯಿಬಿಟ್ಟು ಹೇಳುವವರು. ಬೆಂಕಿಯಿಲ್ಲದೆ ಬೆಚ್ಚಗಾಗಲು ಇಂಥವರೇ ಬೇಕು.

ಮತದಾನದ ದಿನದ ಏರ್ಪಾಡು ನಮ್ಮವರಿಗೆ ವಿಚಿತ್ರವಾಗಿ ಕಾಣಬಹುದು. ಮತಯಂತ್ರವಿಲ್ಲ, ಚಿಹ್ನೆಯಿಲ್ಲ, ಅಭ್ಯರ್ಥಿಯ ಹೆಸರನ್ನು ಚೀಟಿಯ ಮೇಲೆ ಕೈಯಾರೆ ಬರೆಯಬೇಕು. ಮತಗಟ್ಟೆವಾರು ಮತದಾರರ ಪಟ್ಟಿಯೂ ಇಲ್ಲ. 18 ತುಂಬಿದ ಯಾರೇ ಆಗಲಿ, ಗುರುತಿನ ದಾಖಲೆ ಹಿಡಿದು ದೇಶದ ಯಾವ ಮತಗಟ್ಟೆಗಾದರೂ ಹೋಗಿ ಅಧ್ಯಕ್ಷನಿಗೆ ಮತ ಹಾಕಬಹುದು. ಮತದಾನ ಶುಕ್ರವಾರ. ಸಂಜೆ ಆರಕ್ಕೆ ಮುಗಿಯಬೇಕಾದದ್ದು ಸಾಮಾನ್ಯವಾಗಿ ನಡುರಾತ್ರಿಯವರೆಗೂ ಎಳೆಯುತ್ತದೆ. ಚುನಾವಣೆ ನಡೆಸುವುದು ಆಂತರಿಕ ಸಚಿವಾಲಯ, ಮೇಲ್ವಿಚಾರಣೆ ಗಾರ್ಡಿಯನ್ ಕೌನ್ಸಿಲ್‌ನದು. ಸ್ವತಂತ್ರ ಚುನಾವಣಾ ಆಯೋಗ ಎಂಬುದೇ ಇಲ್ಲ.

ಎಲ್ಲಿ ಬೇಕಾದರೂ ಮತ ಹಾಕಬಹುದೆಂಬ ಈ ಅನುಕೂಲವೇ 2009ರಲ್ಲಿ ಕುತ್ತಿಗೆಗೆ ಬಂತು. ಆಗಿನ ಅಧ್ಯಕ್ಷ ಮಹಮೂದ್ ಅಹ್ಮದಿನೆಜಾದ್ ಶೇ. 62ಕ್ಕೂ ಹೆಚ್ಚು ಮತ ಪಡೆದರೆಂದು ಘೋಷಿಸಿದಾಗ ಎದುರಾಳಿ ಮೀರ್ ಹುಸೇನ್ ಮೂಸವಿ ಬೆಂಬಲಿಗರು 'ನನ್ನ ಮತ ಎಲ್ಲಿ?' ಎಂದು ಬೀದಿಗಿಳಿದರು. 50 ಊರುಗಳಲ್ಲಿ ಬಿದ್ದ ಮತ ಅಲ್ಲಿನ ಅರ್ಹ ಮತದಾರರ ಸಂಖ್ಯೆಯನ್ನು ಮೀರಿತ್ತೆಂದು ಗಾರ್ಡಿಯನ್ ಕೌನ್ಸಿಲ್ ವಕ್ತಾರರೇ ಒಪ್ಪಿಕೊಂಡರು. ಪ್ರಯಾಣದಲ್ಲಿದ್ದವರು ಹಾಕಿದ್ದು, ಫಲಿತಾಂಶ ಬದಲಾಗುವಷ್ಟಲ್ಲ ಎಂಬುದು ಅವರ ವಿವರಣೆ. ಮತದಾರರ ಪಟ್ಟಿಯೇ ಇಲ್ಲದ ಕಡೆ ಆ ವಿವರಣೆ ಸರಿಯೆಂದೂ ತಪ್ಪೆಂದೂ ಹೊರಗಿನವರು ತೋರಿಸಲು ದಾರಿಯಿಲ್ಲ. ಅನುಮಾನ ಬಗೆಹರಿಯದಿದ್ದದ್ದು ಅದಕ್ಕೇ. ಮೂಸವಿ ಮತ್ತು ಇನ್ನೊಬ್ಬ ಅಭ್ಯರ್ಥಿ ಮೆಹದಿ ಕರೂಬಿ 2011ರ ಫೆಬ್ರುವರಿಯಲ್ಲಿ ಗೃಹಬಂಧನಕ್ಕೆ ಒಳಗಾದರು.

ಇಷ್ಟೆಲ್ಲ ಸೋಸಿದ ಮೇಲೂ ಫಲಿತಾಂಶ ಆಗಾಗ ಬೆಚ್ಚಿಬೀಳಿಸುತ್ತದೆ. 1997ರಲ್ಲಿ ವ್ಯವಸ್ಥೆಯ ಒಲವು ಸ್ಪೀಕರ್ ನಾತೆಗ್ ನೂರಿ ಕಡೆಗಿತ್ತು, ಗೆದ್ದದ್ದು ಸುಮಾರು 2 ಕೋಟಿ ಮತ ಬಾಚಿದ ಮೊಹಮ್ಮದ್ ಖಾತಮಿ. ಒಳಗೆ ಬಿಟ್ಟವರೆಲ್ಲ ವ್ಯವಸ್ಥೆಯವರೇ ಆದರೂ ಅವರೊಳಗಿನ ಜಗಳ ನಿಜವಾದದ್ದು ಎಂಬುದು ಇದಕ್ಕೆ ಕಾರಣ. 2024ರ ಲೆಕ್ಕವನ್ನೇ ಬಿಡಿಸಿ ನೋಡಿ. ಜೂನ್ 28ರ ಮೊದಲ ಸುತ್ತಿನಲ್ಲಿ 6.14 ಕೋಟಿ ಅರ್ಹರ ಪೈಕಿ 2.45 ಕೋಟಿ ಜನ ಬಂದರು, ಶೇ. 40. ಅಷ್ಟು ಕಡಿಮೆ ಹಿಂದೆಂದೂ ಆಗಿರಲಿಲ್ಲ. ಪೆಜೆಶ್ಕಿಯಾನ್‌ಗೆ 1.04 ಕೋಟಿ, ಕಟ್ಟಾ ಸಂಪ್ರದಾಯವಾದಿ ಸಯೀದ್ ಜಲೀಲಿಗೆ 94.7 ಲಕ್ಷ, ಸ್ಪೀಕರ್ ಮೊಹಮ್ಮದ್ ಬಾಗೇರ್ ಗಾಲಿಬಾಫ್‌ಗೆ 33.8 ಲಕ್ಷ. ಕೊನೆಯ ಇಬ್ಬರ ಮತ ಕೂಡಿಸಿದರೆ 1.285 ಕೋಟಿ, ಅಂದರೆ ಬಿದ್ದ ಮತದಲ್ಲಿ ಶೇ. 52. ಒಬ್ಬ ಹಿಂದೆ ಸರಿದು ಆ ಮತವೆಲ್ಲ ಇನ್ನೊಬ್ಬನಿಗೆ ಹೋಗಿದ್ದರೆ ಅಂದೇ ಮುಗಿಯುತ್ತಿತ್ತು. ಇಬ್ಬರೂ ಬಗ್ಗಲಿಲ್ಲ. ನಾಯಕ ಕೂರಿಸಿ ರಾಜಿ ಮಾಡಿಸಲೂ ಇಲ್ಲ.

ಜುಲೈ 5ರ ಎರಡನೇ ಸುತ್ತಿಗೆ 60 ಲಕ್ಷ ಜನ ಹೆಚ್ಚಿಗೆ ಬಂದರು. ಪೆಜೆಶ್ಕಿಯಾನ್ ಮತ ಏರಿದ್ದೂ ಸರಿಸುಮಾರು 60 ಲಕ್ಷವೇ: 1.64 ಕೋಟಿ. ಗಾಲಿಬಾಫ್ ಬೆಂಬಲ ಘೋಷಿಸಿದರೂ ಜಲೀಲಿ 1.35 ಕೋಟಿಯಲ್ಲಿ ನಿಂತರು. ಗಾಲಿಬಾಫ್ ಮತಗಳಲ್ಲಿ ಒಂದಿಷ್ಟು ಪೆಜೆಶ್ಕಿಯಾನ್ ಕಡೆ ಹೊರಳಿದವೆಂದುಕೊಂಡರೂ, ಮನೆಯಲ್ಲೇ ಕೂತಿದ್ದವರು ಜಲೀಲಿ ಭಯಕ್ಕೆ ಎದ್ದು ಬಂದದ್ದೇ ಗೆಲುವಿನ ಗುಟ್ಟು. ಇರಾನಿನ ಮತದಾರ ಬಹಳ ಸಲ ಹೀಗೆಯೇ ಮಾಡುತ್ತಾನೆ: ಬೇಕಾದವನಿಗೆ ಹಾಕುವುದಕ್ಕಿಂತ ಬೇಡದವನನ್ನು ತಡೆಯುತ್ತಾನೆ. ಹಾಗೆ ನೋಡಿದರೂ ಒಟ್ಟು ಪ್ರಮಾಣ ಶೇ. 50 ಮುಟ್ಟಲಿಲ್ಲ.

ಗೆದ್ದ ಮಾತ್ರಕ್ಕೆ ಅಧ್ಯಕ್ಷನಾಗುವುದಿಲ್ಲ. ಮೊದಲು 'ತನ್ಫೀಜ್': ಸರ್ವೋಚ್ಚ ನಾಯಕ ಆದೇಶಪತ್ರಕ್ಕೆ ಸಹಿ ಹಾಕಿ ಜನರ ಆಯ್ಕೆಯನ್ನು ಸ್ಥಿರೀಕರಿಸಬೇಕು. ಆಮೇಲೆ ಮಜ್ಲಿಸ್‌ನಲ್ಲಿ ಪ್ರಮಾಣವಚನ. ಸಂಪುಟದ ಪ್ರತಿ ಸಚಿವನಿಗೂ ಮಜ್ಲಿಸ್ ಬೇರೆ ಬೇರೆಯಾಗಿ ವಿಶ್ವಾಸಮತ ಕೊಡಬೇಕು. ರಕ್ಷಣೆ, ಗುಪ್ತಚರ, ವಿದೇಶಾಂಗದಂಥ ಖಾತೆಗಳಿಗೆ ನಾಯಕನ ಒಪ್ಪಿಗೆಯಿಲ್ಲದೆ ಹೆಸರು ಕಳಿಸುವ ರೂಢಿಯಿಲ್ಲ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಮುರಿದವನಿಗೆ ಏನಾಗುತ್ತದೆಂಬುದನ್ನು ಅಹ್ಮದಿನೆಜಾದ್ ತೋರಿಸಿಕೊಟ್ಟರು. 2011ರ ಏಪ್ರಿಲ್‌ನಲ್ಲಿ ಅವರು ಗುಪ್ತಚರ ಸಚಿವ ಹೈದರ್ ಮೊಸ್ಲೆಹಿಯನ್ನು ತೆಗೆದರು. ಖಮೇನಿ ಮತ್ತೆ ಕೂರಿಸಿದರು. ಅಧ್ಯಕ್ಷರು ಮುನಿಸಿಕೊಂಡು ಹನ್ನೊಂದು ದಿನ ಕಚೇರಿಗೆ ಹೋಗದೆ ಮನೆಯಲ್ಲಿ ಕೂತರು. ಕಡೆಗೆ ತಾವೇ ಎದ್ದು ಬಂದರು.

ಅಧ್ಯಕ್ಷ ದೇಶದ ಎರಡನೇ ಅತ್ಯುನ್ನತ ಅಧಿಕಾರಿ ಎನ್ನುತ್ತದೆ 113ನೇ ವಿಧಿ. ಮೊದಲನೆಯವನಿಗೂ ಎರಡನೆಯವನಿಗೂ ನಡುವಿನ ದೂರವನ್ನು ತಿಳಿಯಲು 110ನೇ ವಿಧಿ ಓದಬೇಕು. ದೇಶದ ಒಟ್ಟಾರೆ ನೀತಿ, ಸೇನೆಗಳ ದಂಡನಾಯಕತ್ವ, ಯುದ್ಧ-ಶಾಂತಿಯ ಘೋಷಣೆ, ರೆವಲ್ಯೂಷನರಿ ಗಾರ್ಡ್ ಎಂಬ ಪ್ರತ್ಯೇಕ ಸೇನಾಪಡೆ ಮತ್ತು ಪೊಲೀಸ್ ಮುಖ್ಯಸ್ಥರ ನೇಮಕ, ನ್ಯಾಯಾಂಗದ ಮುಖ್ಯಸ್ಥ, ಸರ್ಕಾರಿ ರೇಡಿಯೊ-ಟಿವಿಯ ಮುಖ್ಯಸ್ಥ, ಎಲ್ಲ ಸರ್ವೋಚ್ಚ ನಾಯಕನದು. ಖಾಸಗಿ ಟಿವಿ ವಾಹಿನಿಗೆ ಅಲ್ಲಿ ಅವಕಾಶವಿಲ್ಲವಾದ್ದರಿಂದ ಚುನಾವಣಾ ಚರ್ಚೆ ನಡೆಯುವ ವೇದಿಕೆಯೂ ನಾಯಕನದೇ ಆಯಿತು. ಅಧ್ಯಕ್ಷನ ಕೈಗೆ ಉಳಿಯುವುದು ಬಜೆಟ್ಟು, ಸಚಿವಾಲಯಗಳು, ಪ್ರಾಂತ್ಯಗಳ ಗವರ್ನರ್‌ಗಳು, ಮತ್ತು ಬೆಲೆ ಏರಿದಾಗ ಬೈಸಿಕೊಳ್ಳುವ ಕೆಲಸ.

ಆ ಕೊನೆಯ ಕೆಲಸವನ್ನು ಹಗುರವಾಗಿ ಕಾಣಬಾರದು; ವ್ಯವಸ್ಥೆ ಅಧ್ಯಕ್ಷನನ್ನು ಇಟ್ಟುಕೊಂಡಿರುವುದರ ಅರ್ಧ ಲಾಭ ಅಲ್ಲೇ ಇದೆ. 2019ರ ನವೆಂಬರ್ 15ರ ಬೆಳಗಾಗುವ ಹೊತ್ತಿಗೆ ಪೆಟ್ರೋಲ್ ಬೆಲೆ ಏರಿತ್ತು: ತಿಂಗಳಿಗೆ 60 ಲೀಟರ್‌ವರೆಗೆ ಲೀಟರಿಗೆ 1,500 ತುಮಾನ್ (ಒಂದು ತುಮಾನ್ ಎಂದರೆ ಹತ್ತು ರಿಯಾಲ್), ಅದಕ್ಕಿಂತ ಹೆಚ್ಚಿಗೆ ಬೇಕಾದರೆ 3,000. ಹಿಂದಿನ ದರ 1,000. ತೀರ್ಮಾನ ಮಾಡಿದ್ದು ಅಧ್ಯಕ್ಷ, ಸ್ಪೀಕರ್, ನ್ಯಾಯಾಂಗ ಮುಖ್ಯಸ್ಥ ಮೂವರೂ ಕೂರುವ ಆರ್ಥಿಕ ಸಮನ್ವಯ ಮಂಡಳಿ. ಬೆನ್ನಿಗೆ ನಿಂತದ್ದು ಖಮೇನಿ. ಬೀದಿಯಲ್ಲಿ ಗುಂಡಿಗೆ ನೂರಾರು ಮಂದಿ ಸತ್ತರು, ಸುಮಾರು ಒಂದು ವಾರ ಇಂಟರ್‌ನೆಟ್ ಸತ್ತಿತ್ತು. ಗುಂಡು ಹಾರಿಸಿದ ಪಡೆಗಳ ಮೇಲೆ ಅಧ್ಯಕ್ಷನಿಗೆ ದಂಡನಾಯಕತ್ವ ಇರಲಿಲ್ಲ. ಆದರೆ ಜನ ಬೆರಳು ತೋರಿಸಿದ್ದು ಆಗಿನ ಅಧ್ಯಕ್ಷ ಹಸನ್ ರೂಹಾನಿ ಕಡೆಗೆ. ಬೆಲೆ ಏರಿದ ಗಳಿಗೆ ತಮಗೂ ಅದೇ ಶುಕ್ರವಾರ ಬೆಳಿಗ್ಗೆ ತಿಳಿಯಿತು ಎಂದು ರೂಹಾನಿ ಹೇಳಿಕೊಂಡದ್ದು ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಹಣದ ವಿಷಯವೂ ಹೀಗೆಯೇ. ಮೊಸ್ತಜಫಾನ್ ಪ್ರತಿಷ್ಠಾನ, ಖಮೇನಿಗಿಂತ ಮುಂಚಿನ, ಮೊದಲ ಸರ್ವೋಚ್ಚ ನಾಯಕ ಖೊಮೇನಿ ಆದೇಶದಿಂದ ಹುಟ್ಟಿದ 'ಸೆತಾದ್', ಮಶ್ಹದ್‌ನ ಇಮಾಂ ರೆಜಾ ದರ್ಗಾದ ಆಸ್ತಿ ನೋಡಿಕೊಳ್ಳುವ ಅಸ್ತಾನ್ ಖುದ್ಸ್ ರಜವಿ, ಇವೆಲ್ಲ ಕಾರ್ಖಾನೆ, ಜಮೀನು, ಬ್ಯಾಂಕು, ಔಷಧ ಕಂಪನಿಗಳವರೆಗೆ ಹರಡಿಕೊಂಡ ಸಾಮ್ರಾಜ್ಯಗಳು, ಉತ್ತರ ಕೊಡುವುದು ನಾಯಕನ ಕಚೇರಿಗೆ. ರೆವಲ್ಯೂಷನರಿ ಗಾರ್ಡ್‌ನ ಖಾತಮ್ ಅಲ್ ಅಂಬಿಯಾ ಅಣೆಕಟ್ಟು, ರಸ್ತೆ, ತೈಲಕ್ಷೇತ್ರಗಳ ದೊಡ್ಡ ಗುತ್ತಿಗೆದಾರ. ರಯೀಸಿ ಅಧ್ಯಕ್ಷರಾಗುವ ಮುನ್ನ ಅಸ್ತಾನ್ ಮುಖ್ಯಸ್ಥರಾಗಿದ್ದರು, ಮೊಖ್ಬೆರ್ ಸೆತಾದ್ ಮುಖ್ಯಸ್ಥರಾಗಿದ್ದರು ಎಂಬುದನ್ನು ನೋಡಿದರೆ ಏಣಿಯ ಮೆಟ್ಟಿಲು ಎಲ್ಲಿವೆ ಎಂದು ತಿಳಿಯುತ್ತದೆ. ಅಮೆರಿಕದ ಆರ್ಥಿಕ ನಿರ್ಬಂಧ ಬಿಗಿಯಾದಷ್ಟೂ ಕಾನೂನುಬದ್ಧ ವ್ಯಾಪಾರಿ ಸೊರಗುತ್ತಾನೆ, ಕಳ್ಳದಾರಿ ಬಲ್ಲವನು ಕೊಬ್ಬುತ್ತಾನೆ. ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನಿ ಕಚ್ಚಾ ತೈಲದ ದೊಡ್ಡ ಗಿರಾಕಿ. 2019ರ ಮೇ ತಿಂಗಳಲ್ಲಿ ಅಮೆರಿಕದ ವಿನಾಯಿತಿ ಮುಗಿದಾಗ ಭಾರತದ ಖರೀದಿಯೇ ನಿಂತಿತು. ಅಂಥ ನೇರ ಗಿರಾಕಿಗಳು ಹೋದ ಜಾಗಕ್ಕೆ ಹೆಸರು ಮರೆಸಿದ ಹಡಗು, ಮಧ್ಯವರ್ತಿ ಕಂಪನಿಗಳು ಬಂದವು.

ಪೆಜೆಶ್ಕಿಯಾನ್ ಮೊದಲ ವರ್ಷ ಇದರ ಚೊಕ್ಕ ಉದಾಹರಣೆ. 2024ರ ಜುಲೈ 30ರಂದು ಪ್ರಮಾಣವಚನ. ಅದಕ್ಕೆ ಬಂದಿದ್ದ ಹಮಾಸ್ ಮುಖಂಡ ಇಸ್ಮಾಯಿಲ್ ಹನಿಯೆ ಮರುದಿನ ಬೆಳಗಿನ ಜಾವ ಟೆಹರಾನಿನಲ್ಲೇ ಹತರಾದರು. ಆಗಸ್ಟ್‌ನಲ್ಲಿ 19 ಸಚಿವರಿಗೂ ಮಜ್ಲಿಸ್ ಒಪ್ಪಿಗೆ ಕೊಟ್ಟಿತು. 2001ರ ನಂತರ ಹಾಗೆ ಆದದ್ದು ಇದೇ ಮೊದಲು. ಡಿಸೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಮತ್ತು ಗೂಗಲ್ ಪ್ಲೇ ಮೇಲಿನ ತಡೆ ತೆರವಾಯಿತು. ಇನ್‌ಸ್ಟಾಗ್ರಾಂ, ಟೆಲಿಗ್ರಾಂ, ಯೂಟ್ಯೂಬ್ ಮುಚ್ಚಿದಂತೆಯೇ ಉಳಿದವು. ಮಜ್ಲಿಸ್ ಅಂಗೀಕರಿಸಿದ್ದ ಕಠಿಣ ಹಿಜಾಬ್ ಕಾನೂನು ಅದೇ ತಿಂಗಳು ಜಾರಿಗೆ ಬರುವುದು ತಡೆಯಲ್ಪಟ್ಟಿತು. 2022ರಲ್ಲಿ, ಹಿಜಾಬ್ ಸರಿಯಿಲ್ಲವೆಂದು ಪೊಲೀಸರು ಹಿಡಿದಿದ್ದ ಮಹ್ಸಾ ಅಮಿನಿ ಸಾವಿನ ನಂತರದ ಕಿಚ್ಚನ್ನು ಮತ್ತೆ ಕೆದಕಲು ಇರಾನಿನ ರಾಷ್ಟ್ರೀಯ ಭದ್ರತಾ ಮಂಡಳಿಗೂ ಮನಸ್ಸಿರಲಿಲ್ಲ; ಅಧ್ಯಕ್ಷನ ಮಾತು ಮೇಲಿನವರ ಭಯಕ್ಕೆ ಹೊಂದಿಕೊಂಡಾಗ ಮಾತ್ರ ನಡೆಯುತ್ತದೆ.

ಹೊಂದದಿದ್ದಾಗ ಏನಾಗುತ್ತದೆ ಎಂಬುದು 2025ರ ಮಾರ್ಚ್ 2ರಂದು ಒಂದೇ ದಿನದಲ್ಲಿ ಕಂಡಿತು. ಡಾಲರ್ ಬೆಲೆ ಆರು ಲಕ್ಷ ರಿಯಾಲ್ ಆಸುಪಾಸಿನಿಂದ ಒಂಬತ್ತು ಲಕ್ಷ ದಾಟಿದ್ದಕ್ಕೆ ಅರ್ಥ ಸಚಿವ ಅಬ್ದುಲ್‌ನಾಸಿರ್ ಹೆಮ್ಮತಿಯನ್ನು ಮಜ್ಲಿಸ್ ವಜಾ ಮಾಡಿತು. 273 ಮಂದಿಯಲ್ಲಿ 182 ಮಂದಿ ವಿರುದ್ಧವಾಗಿ ಮತ ಹಾಕಿದರು. ಅಣು ಒಪ್ಪಂದದ ರೂವಾರಿ, ಉಪಾಧ್ಯಕ್ಷರಾಗಿದ್ದ ಜವಾದ್ ಜರೀಫ್ ಅಂದೇ ರಾಜೀನಾಮೆ ಕೊಟ್ಟರು. ಮಕ್ಕಳು ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪೌರತ್ವ ಹೊಂದಿದ್ದಾರೆಂಬುದು ಅವರ ಮೇಲಿನ ಆಕ್ಷೇಪ. ಅಮೆರಿಕದ ಜತೆ ಮಾತುಕತೆ ಒಳ್ಳೆಯದೆಂದು ತಮಗನಿಸಿತ್ತು, ನಾಯಕ ಬೇಡವೆಂದ ಮೇಲೆ ಮುಗಿಯಿತು ಎಂದು ಪೆಜೆಶ್ಕಿಯಾನ್ ಅದೇ ದಿನ ಮಜ್ಲಿಸ್‌ನಲ್ಲಿ ನೇರವಾಗಿ ಹೇಳಿದರು. ಆರು ವಾರದೊಳಗೆ, ಏಪ್ರಿಲ್ 12ರಂದು, ಒಮಾನಿನ ಮಸ್ಕತ್‌ನಲ್ಲಿ ಇರಾನ್-ಅಮೆರಿಕ ಮಾತುಕತೆ ಶುರುವಾಯಿತು! ಬಾಗಿಲು ಮುಚ್ಚಿದವರೇ ತೆರೆದಿದ್ದರು. ಜೂನ್ 13ರಂದು ಇಸ್ರೇಲ್ ದಾಳಿಯಿಂದ ಹನ್ನೆರಡು ದಿನಗಳ ಯುದ್ಧ ಆರಂಭವಾಗುವುದರೊಂದಿಗೆ ಆ ಮಾತುಕತೆಯೂ ಕಡಿಯಿತು.

ಅಧ್ಯಕ್ಷಗಿರಿಯನ್ನು ಹೀಗೆ ಕಟ್ಟಿದ್ದು ಆಕಸ್ಮಿಕವಲ್ಲ. ಮೊದಲ ಅಧ್ಯಕ್ಷ ಬನಿಸದ್ರ್ 1980ರಲ್ಲಿ ಮುಕ್ಕಾಲು ಪಾಲು ಮತ ಪಡೆದು ಗೆದ್ದು, ಆ ಬಹುಮತವನ್ನು ನಂಬಿ ಧರ್ಮಗುರುಗಳನ್ನು ಎದುರು ಹಾಕಿಕೊಂಡರು. 1981ರ ಜೂನ್‌ನಲ್ಲಿ ಮಜ್ಲಿಸ್ ಅವರನ್ನು ಅಸಮರ್ಥರೆಂದು ಸಾರಿತು, ಮರುದಿನ ಖೊಮೇನಿ ವಜಾ ಮಾಡಿದರು, ಅವರು ಫ್ರಾನ್ಸಿಗೆ ಓಡಿದರು. ನಂತರ ಬಂದ ರಜಾಯಿ ತಿಂಗಳು ತುಂಬುವಷ್ಟರಲ್ಲಿ ಬಾಂಬಿಗೆ ಬಲಿಯಾದರು. ಮೂರನೆಯವರು ಅಲಿ ಖಮೇನಿ. ಪ್ರಧಾನಿ ಹುದ್ದೆಯೂ ಇದ್ದ ಆ ಕಾಲದಲ್ಲಿ ತಮಗೆ ಬೇಡದ ಮೂಸವಿಯನ್ನು ಖೊಮೇನಿ ಮಾತಿಗೆ ಪ್ರಧಾನಿಯಾಗಿ ಸಹಿಸಿಕೊಂಡವರು ಅವರು. 1989ರ ಜೂನ್‌ನಲ್ಲಿ ಖೊಮೇನಿ ಸತ್ತ ಮರುದಿನ ತಜ್ಞರ ಸಭೆ ಅವರನ್ನೇ ಸರ್ವೋಚ್ಚ ನಾಯಕರನ್ನಾಗಿ ಆರಿಸಿತು. ಅದೇ ಬೇಸಿಗೆಯ ಸಂವಿಧಾನ ತಿದ್ದುಪಡಿ ಪ್ರಧಾನಿ ಹುದ್ದೆಯನ್ನು ತೆಗೆದುಹಾಕಿತು.

ಆಮೇಲಿನವರ ಗತಿ ಹೀಗಿದೆ. ರಫ್ಸಂಜಾನಿ 2013ರಲ್ಲಿ ಅನರ್ಹ. ತನ್ನ ಅಧಿಕಾರ ಹೆಚ್ಚಿಸುವ, ಗಾರ್ಡಿಯನ್ ಕೌನ್ಸಿಲ್ ಜರಡಿಗೆ ಮಿತಿ ಹಾಕುವ ಎರಡು ಮಸೂದೆ ತಂದು ಅದೇ ಕೌನ್ಸಿಲ್‌ನಿಂದ ತಿರಸ್ಕೃತರಾದ ಖಾತಮಿ, ಕೊನೆಗೆ ಪತ್ರಿಕೆಗಳು ಚಿತ್ರ-ಹೆಸರು ಹಾಕಕೂಡದ ಮಾಜಿ ಅಧ್ಯಕ್ಷ. ಅಹ್ಮದಿನೆಜಾದ್ 2017, 2021, 2024, ಮೂರು ಸಲವೂ ಅನರ್ಹ. ರೂಹಾನಿ 2024ರಲ್ಲಿ ತಜ್ಞರ ಸಭೆಗೆ ನಿಲ್ಲಲೂ ಅನರ್ಹ. ಅದಕ್ಕೂ ಮುಂಚೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಸಭೆಯ ಸದಸ್ಯರಾಗಿದ್ದವರು. ಸರ್ವೋಚ್ಚ ನಾಯಕ ಸತ್ತರೆ ಹೊಸಬರು ಬರುವವರೆಗೆ ಅಧ್ಯಕ್ಷ, ನ್ಯಾಯಾಂಗ ಮುಖ್ಯಸ್ಥ ಮತ್ತು ಗಾರ್ಡಿಯನ್ ಕೌನ್ಸಿಲ್‌ನ ಒಬ್ಬ ಧರ್ಮಶಾಸ್ತ್ರಜ್ಞ ಸೇರಿ ಆಳಬೇಕೆಂದು 111ನೇ ವಿಧಿ ಹೇಳುತ್ತದೆ. ಜನರ ಮತದಿಂದ ಬಂದವನು ಆ ಮೂವರಲ್ಲಿ ಒಬ್ಬನೇ.